ಗಾಡಿ ಎತ್ತರಿಸಿದವನ ಅರಿಕೆ: ಸಾರಿಗೆ ಆಯುಕ್ತರಿಗೊಂದು ಬಹಿರಂಗ ಪತ್ರ

ಮಾನ್ಯ ಸಾರಿಗೆ ಆಯುಕ್ತರೇ,

ನಮ್ಮ ಮನೆಯಿಂದ ಟಾರು ರಸ್ತೆಗೆ ಮೂರೂವರೆ ಕಿಲೋಮೀಟರು. ಮೂಡಿಗೆರೆ ತಾಲ್ಲೂಕಿನ ಒಳಗಿನ ಊರುಗಳನ್ನು ಬಲ್ಲವರಿಗೆ ಇದು ದೊಡ್ಡ ದೂರವೇನಲ್ಲ. ಆದರೆ ಜೂನ್ ಎರಡನೇ ವಾರ ಕಳೆದ ಮೇಲೆ ಈ ಮೂರೂವರೆ ಕಿಲೋಮೀಟರಿಗೆ ಇಪ್ಪತ್ತೈದು ನಿಮಿಷ ಬೇಕು. ಚಕ್ರ ಓಡಿದ ಎರಡು ಸಾಲು ಮಳೆಗೆ ಕೊರೆದು ಆಳವಾಗುತ್ತವೆ, ನಡುವಿನ ದಿಬ್ಬ ಹಾಗೇ ಉಳಿಯುತ್ತದೆ. ಹಳ್ಳ ದಾಟಿದ ಕೂಡಲೇ ಬರುವ ಏರಿನಲ್ಲಿ, ಆ ದಿಬ್ಬದ ನಡುವೆ ಒಂದು ಕಲ್ಲು ತಲೆ ಎತ್ತಿ ಕೂತಿತ್ತು. ನನ್ನ ಗಾಡಿಯ ಹಿಂದಿನ ಹೌಸಿಂಗು, ಅಂದರೆ ಎರಡು ಚಕ್ರಗಳ ನಡುವಿನ ಆಕ್ಸಲ್ಲಿನ ಕವಚ, ಮಳೆಗಾಲದಲ್ಲಿ ಅದಕ್ಕೆ ನಮಸ್ಕಾರ ಹೊಡೆಯದೆ ಮೇಲೆ ಬರುತ್ತಿರಲಿಲ್ಲ.

ಇದೇ ಗಾಡಿಯಲ್ಲಿ ಬೆಳಿಗ್ಗೆ ಮಕ್ಕಳನ್ನು ಶಾಲೆಯ ಬಸ್ಸಿಗೆ ಬಿಡುತ್ತೇನೆ. ಇದರಲ್ಲೇ ಗೊಬ್ಬರ ಬರುತ್ತದೆ, ಇದರಲ್ಲೇ ಅಮ್ಮನನ್ನು ತಿಂಗಳಿಗೊಮ್ಮೆ ಹಾಸನದ ಡಾಕ್ಟರ ಹತ್ತಿರ ಕರೆದೊಯ್ಯುತ್ತೇನೆ. ಭಾನುವಾರ ಹೊರಗೆ ತೆಗೆದು ಕೆಸರಿನಲ್ಲಿ ಹೊರಳಾಡಿಸಿ, ಸೋಮವಾರ ತೊಳೆದು ಟಾರ್ಪಾಲು ಹೊದಿಸಿ ಇಡುವ ಆಟಿಕೆಯಲ್ಲ. ಇದನ್ನು ಮೊದಲೇ ಹೇಳುತ್ತಿರುವುದಕ್ಕೆ ಕಾರಣವಿದೆ: ನಾನೀಗ ತಮ್ಮೆದುರು ಒಪ್ಪಿಕೊಳ್ಳಹೊರಟಿರುವುದು ಕಾನೂನಿನ ಪ್ರಕಾರ ಅಪರಾಧ. ನನ್ನ ಗಾಡಿಯ ಸ್ಪ್ರಿಂಗು ಕಂಪನಿ ಕೊಟ್ಟಿದ್ದಲ್ಲ, ಟೈರೂ ಕಂಪನಿ ಅಳತೆಯದಲ್ಲ.

ಗಾಡಿ 2023ರ ಮಾರುತಿ ಜಿಮ್ನಿ ಜೀಪು, ಕೆಳಗಿನ ಮಾದರಿ. ಕಬ್ಬಿಣದ ರಿಮ್ಮು, ಸಾದಾ ಬಲ್ಬಿನ ಹೆಡ್‌ಲೈಟು. ಕಂಪನಿಯ ಟೈರು 195/80 ಆರ್15, ನೆಲದಿಂದ ಎತ್ತರ 210 ಮಿ.ಮೀ. ತಂದ ಮೊದಲ ಮಳೆಗಾಲದಲ್ಲೇ ಆ ಕಲ್ಲಿನ ಪರಿಚಯವಾಯಿತು. ಅಪ್ಪನ ಕಾಲದ ಜೀಪಿಗೆ ಈ ತೊಂದರೆ ಇರಲಿಲ್ಲ. 6.00-16 ಟೈರು, ಎತ್ತರಕ್ಕೆ ಈಗಿನವುಗಳಿಗಿಂತ ಕಡಿಮೆಯೇನಲ್ಲ, ಅಗಲಕ್ಕೆ ಮಾತ್ರ ಕೈಗಾಡಿಯ ಚಕ್ರದ ಹಾಗೆ. ಮಳೆ ಹಿಡಿದರೆ ಹಿಂದಿನ ಎರಡು ಚಕ್ರಕ್ಕೆ ಚೈನು ಸುತ್ತಿ ಬಿಗಿದರೆ ಆಯಿತು, ಕಳಸದ ಸಂತೆಗೂ ಸೈ, ಕೊಟ್ಟಿಗೆಹಾರಕ್ಕೂ ಸೈ. ಟಾರು ರಸ್ತೆಗೆ ಬಂದ ಮೇಲೂ ಚೈನು ಬಿಚ್ಚಲು ಸೋಮಾರಿತನವಾಗಿ, ಕಟಕಟ ಸದ್ದು ಮಾಡುತ್ತ ಪೇಟೆಯೊಳಗೇ ಹೋಗುತ್ತಿದ್ದವರನ್ನೂ ನೋಡಿದ್ದೇನೆ. ಆ ಕಿರಿದಾದ ಟೈರಿನಲ್ಲಿ ಒಂದು ಜಾಣತನವಿತ್ತು. ನಮ್ಮ ಕಡೆ ಮೇಲೆ ಅರ್ಧ ಅಡಿ ಕೆಸರಿದ್ದರೂ ಕೆಳಗೆ ಜಂಬಿಟ್ಟಿಗೆ ಗಟ್ಟಿಯಾಗಿರುತ್ತದೆ. ಕಿರಿದಾದ ಚಕ್ರ ಕೆಸರನ್ನು ಸೀಳಿ ಆ ಗಟ್ಟಿ ನೆಲವನ್ನು ಮುಟ್ಟುತ್ತದೆ, ಅಗಲದ್ದು ಮೇಲೆಯೇ ತೇಲುತ್ತದೆ. ಇದು ನನಗೆ ಅರ್ಥವಾಗಿದ್ದು ದುಡ್ಡು ಕಳೆದ ಮೇಲೆ.

ದುಡ್ಡು ಕಳೆದಿದ್ದು ಹೀಗೆ. ಒಂದು ದೊಡ್ಡ ಊರಿನ ಅಂಗಡಿ, ಹೆಸರು ಬೇಡ. ಒಳಗೆ ಎ.ಸಿ., ಗೋಡೆಯ ತುಂಬ ಕೆಸರು ಮೆತ್ತಿದ ಗಾಡಿಗಳ ಫೋಟೊ. ಉದ್ದದ ಸ್ಪ್ರಿಂಗು ಹಾಕಿ ಗಾಡಿ ಎತ್ತರಿಸುವ ಎರಡಿಂಚು ಲಿಫ್ಟ್, 235/75 ಆರ್15 ಅಳತೆಯ, ಕೆಸರಿಗೆಂದು ದಪ್ಪ ಹುಬ್ಬಿರುವ ಬಟನ್ ಟೈರು ಐದು, ಬೆಳಿಗ್ಗೆ ಬಿಟ್ಟರೆ ಸಂಜೆಗೆ ಗಾಡಿ ರೆಡಿ. ಹುಡುಗ ನನ್ನನ್ನು ಕೇಳಿದ ಪ್ರಶ್ನೆ ಒಂದೇ: "ಸರ್, ಸ್ಪ್ರಿಂಗ್ ಕೆಂಪು ಬೇಕಾ, ಹಳದಿ ಬೇಕಾ?" ಗಾಡಿಯಲ್ಲಿ ಎಷ್ಟು ಭಾರ ಹೇರುತ್ತೀರಿ, ದಿನಕ್ಕೆಷ್ಟು ಓಡುತ್ತದೆ, ವಯಸ್ಸಾದವರು ಹತ್ತುತ್ತಾರೆಯೇ, ಒಂದನ್ನೂ ಕೇಳಲಿಲ್ಲ. ನಾನೂ ಹೇಳಲಿಲ್ಲ. ಕೆಂಪು ಅಂದೆ.

ಹಾಸನ ಬೈಪಾಸು ಬರುವ ಹೊತ್ತಿಗೆ ಕೈಗೆ ಗೊತ್ತಾಯಿತು. ಎಂಬತ್ತರಲ್ಲಿ ಸ್ಟೇರಿಂಗು ನಡುವೆ ನಿಲ್ಲದು. ಎಡಕ್ಕೆ ತಿದ್ದಿದರೆ ಎಡಕ್ಕೇ ಉಳಿಯುತ್ತದೆ, ಮತ್ತೆ ಬಲಕ್ಕೆ ತಿದ್ದಬೇಕು. ಪಕ್ಕದಿಂದ ಲಾರಿ ದಾಟಿದರೆ ಗಾಡಿ ಅದರ ಹಿಂದೆಯೇ ವಾಲುತ್ತದೆ. ಬೇಲೂರಿನ ಆಚೆ ಕತ್ತಲಾಯಿತು. ಎದುರು ಬಂದ ಬಸ್ಸಿನ ಡ್ರೈವರು ಲೈಟು ಮಿಣುಕಿಸಿ, ಪಕ್ಕಕ್ಕೆ ಬಂದಾಗ ಕಿಟಕಿಯಿಂದ ತಲೆ ಹೊರಹಾಕಿ, ಇಲ್ಲಿ ಬರೆಯಲಾಗದ ಮಾತು ಬೈದು ಹೋದ. ನಾನು ಡಿಮ್ಮಿನಲ್ಲೇ ಇದ್ದೆ. ಮೂತಿ ಮೇಲೆದ್ದಿದ್ದರಿಂದ ನನ್ನ ಡಿಮ್ಮು ಅವನ ಪಾಲಿಗೆ ಬ್ರೈಟಾಗಿತ್ತು. ಮನೆಗೆ ತಲುಪಿದರೆ ಅಮ್ಮ ಜಗಲಿಯಿಂದಲೇ, "ಇದೇನೋ, ಲಾರಿ ತಂದಿದೀಯಾ?" ಅಂದರು. ಮರುದಿನದಿಂದ ಗಾಡಿಯಲ್ಲಿ ಒಂದು ಮಣೆ ಇಟ್ಟುಕೊಂಡು ಓಡಾಡುವುದಾಯಿತು, ಅವರು ಹತ್ತಿ ಇಳಿಯಲು.

ಮೂರನೇ ದಿನ ನಮ್ಮ ಪೇಟೆಯ ಮೆಕ್ಯಾನಿಕ್ಕಿನ ಹತ್ತಿರ ಹೋದೆ. ಅವನ ಶೆಡ್ಡಿನಲ್ಲಿ ಎ.ಸಿ. ಇಲ್ಲ, ಗಾಡಿಯ ಅಡಿಗೆ ಇಳಿದು ನೋಡಲು ಒಂದು ಗುಂಡಿ ಇದೆ. ಅವನು ಮಾಡಿದ ಮೊದಲ ಕೆಲಸ, ಮುಂದಿನ ಒಂದು ಚಕ್ರವನ್ನು ಪೂರ್ತಿ ಜೋತುಬೀಳುವಂತೆ ಬಿಟ್ಟು ಟಾರ್ಚು ಹಾಕಿದ್ದು. ಬ್ರೇಕಿನ ರಬ್ಬರ್ ಪೈಪು ವೀಣೆಯ ತಂತಿಯ ಹಾಗೆ ಬಿಗಿದು ನಿಂತಿತ್ತು. "ಅಣ್ಣಾ, ಚಕ್ರ ಗುಂಡಿಗೆ ಇಳಿದಾಗಲೆಲ್ಲ ಇದು ಎಳೀತಿದೆ. ಒಂದಿನ ಕಿತ್ಕೊಂಡ್ ಬರುತ್ತೆ. ಯಾರ್ ಮಾಡಿದ್ದು ಈ ಕೆಲ್ಸ?"

ನಾನು ಏನೂ ಹೇಳಲಿಲ್ಲ. ಅವನೇ ಒಂದೊಂದಾಗಿ ತೋರಿಸಿದ. ಈ ಗಾಡಿಗೆ ಮುಂದೆಯೂ ಹಿಂದೆಯೂ ಇಡೀ ಆಕ್ಸಲ್ಲು, ಎರಡೂ ಚಕ್ರವನ್ನು ಜೋಡಿಸುವ ಒಂದೇ ಗಟ್ಟಿ ತೊಲೆ. ಸ್ಪ್ರಿಂಗು ಉದ್ದ ಮಾಡಿದರೆ ಮೇಲೇಳುವುದು ಬಾಡಿ ಮತ್ತು ಚಾಸಿ ಮಾತ್ರ, ಹೌಸಿಂಗು ಇದ್ದಲ್ಲೇ ಇರುತ್ತದೆ. ಅದನ್ನು ಮೇಲೆತ್ತುವುದು ಟೈರೊಂದೇ, ಅದೂ ವ್ಯಾಸ ಹೆಚ್ಚಿದ್ದರಲ್ಲಿ ಅರ್ಧದಷ್ಟು. ಲೆಕ್ಕ ಸುಲಭ. ಕಂಪನಿ ಟೈರಿನ ವ್ಯಾಸ 693 ಮಿ.ಮೀ., ನಾನು ಹಾಕಿಸಿದ್ದು ಸುಮಾರು 733. ನಲವತ್ತು ಹೆಚ್ಚು, ಅಂದರೆ ಹೌಸಿಂಗಿಗೂ ಕಲ್ಲಿಗೂ ನಡುವೆ ಸಿಕ್ಕಿದ್ದು ಇಪ್ಪತ್ತು. ಎರಡಿಂಚು ಲಿಫ್ಟಿಗೆ ಸುರಿದ ದುಡ್ಡಿನಲ್ಲಿ ಆ ಕಲ್ಲಿನ ಪಾಲಿಗೆ ಸಂದದ್ದು ಸೊನ್ನೆ.

ಇನ್ನು ಅದಕ್ಕೆ ನಾನು ತೆತ್ತಿದ್ದೇನು? ಆಕ್ಸಲ್ಲನ್ನು ಹಿಡಿದ ತೋಳುಗಳು ಕೆಳಕ್ಕೆ ವಾಲಿ ಆಕ್ಸಲ್ಲು ತುಸು ತಿರುಗಿದ್ದರಿಂದ ಕ್ಯಾಸ್ಟರ್ ಕೋನ ಕಡಿಮೆಯಾಗಿತ್ತು. ಸೈಕಲ್ಲಿನ ಫೋರ್ಕು ಹಿಂದಕ್ಕೆ ವಾಲಿರುತ್ತದಲ್ಲ, ಕೈಬಿಟ್ಟರೂ ಸೈಕಲ್ಲು ನೆಟ್ಟಗೆ ಹೋಗಲು ಅದೂ ಒಂದು ಕಾರಣ. ಅದೇ ಗುಣ ನನ್ನ ಸ್ಟೇರಿಂಗಿನಿಂದ ಹೋಗಿತ್ತು. ಆಕ್ಸಲ್ಲನ್ನು ಅಡ್ಡಕ್ಕೆ ಹಿಡಿಯುವ ರಾಡು ಉದ್ದ ಸಾಲದೆ ಇಡೀ ಆಕ್ಸಲ್ಲನ್ನು ಪಕ್ಕಕ್ಕೆ ಎಳೆದುಕೊಂಡಿತ್ತು. ಮುಂದಿನ ಚಕ್ರ ಒಂದು ಕಡೆ ಹೊರಗೆ ಕಾಣುತ್ತಿತ್ತು, ಇನ್ನೊಂದು ಕಡೆ ಒಳಗೆ. ರಿಮ್ಮಿನ ಅಗಲ ಐದೂವರೆ ಇಂಚು, ಆ ಅಗಲದ ಟೈರಿಗೆ ಕನಿಷ್ಠ ಆರಿಂಚು ಬೇಕು. ಬಿಚ್ಚಿದ ಚಕ್ರವನ್ನು ಮನೆಗೆ ತಂದು ಕಾಫಿ ತೂಗುವ ಯಂತ್ರದ ಮೇಲೆ ಇಟ್ಟೆ, ಪಕ್ಕದಲ್ಲಿ ಹಳೆಯದನ್ನೂ ತೂಗಿದೆ. ಒಂದೊಂದಕ್ಕೂ ನಾಲ್ಕೂವರೆ ಕೆ.ಜಿ. ಹೆಚ್ಚು. ಐದಕ್ಕೆ ಇಪ್ಪತ್ತೆರಡೂವರೆ, ಅದರಲ್ಲಿ ಒಂದು ಹಿಂದಿನ ಬಾಗಿಲಿನ ಹಿಂಜಿನ ಮೇಲೆ ಜೋತಾಡುತ್ತಿತ್ತು. ಚಕ್ರ ದೊಡ್ಡದಾದ್ದರಿಂದ ಮೀಟರು 80 ತೋರಿಸುವಾಗ ಗಾಡಿ ಮೊದಲಿಗಿಂತ ಶೇಕಡಾ 6ರಷ್ಟು ಜೋರಾಗಿ ಓಡುತ್ತಿತ್ತು. ಚಾರ್ಮಾಡಿ ಏರಿನಲ್ಲಿ ಮೂರರಲ್ಲಿ ಎಳೆಯುತ್ತಿದ್ದ ಗಾಡಿ ಎರಡು ಕೇಳತೊಡಗಿತು. ಇಳಿಜಾರಿನಲ್ಲಿ ಬ್ರೇಕಿನ ಮೇಲೆ ಕಾಲು ಮೊದಲಿಗಿಂತ ಮುಂಚೆ ಹೋಗಬೇಕಾಗಿ ಬಂತು.

ಎಲ್ಲವನ್ನೂ ಬಿಚ್ಚಿಸಿದೆ. ಈಗ ಇರುವುದು 30 ಮಿ.ಮೀ. ಏರಿಸುವ, ಭಾರಕ್ಕೆ ತಕ್ಕ ಸ್ಪ್ರಿಂಗು. ಅದಕ್ಕೆ ಹೊಂದುವ ಶಾಕ್ ಅಬ್ಸಾರ್ಬರು. ಕ್ಯಾಸ್ಟರ್ ಸರಿಪಡಿಸುವ ಬುಷ್ಷು. ಉದ್ದ ಹೊಂದಿಸಬಹುದಾದ ಅಡ್ಡ ರಾಡು. ಉದ್ದದ ಬ್ರೇಕ್ ಪೈಪು. ಟೈರು 215/75 ಆರ್15, ಕಂಪನಿಯದಕ್ಕಿಂತ ವ್ಯಾಸದಲ್ಲಿ ಹತ್ತು ಮಿ.ಮೀ. ಹೆಚ್ಚು, ಅಷ್ಟೇ, ಮತ್ತು ಅದೇ ರಿಮ್ಮಿಗೆ ನ್ಯಾಯವಾಗಿ ಕೂರುತ್ತದೆ. ಅಲೈನ್‌ಮೆಂಟಿನ ಚೀಟಿ ಗಾಡಿಯಲ್ಲೇ ಇದೆ. ಹೆಡ್‌ಲೈಟನ್ನು ಗೋಡೆಗೆ ಗೆರೆ ಎಳೆದು ಇಳಿಸಿದ್ದೇವೆ. ಗೊಬ್ಬರದ ಆರು ಚೀಲ ಹೇರಿದರೂ ಹಳ್ಳದಲ್ಲಿ ಹಿಂದಿನ ಬಂಪರು ಕೆರೆಯುವುದಿಲ್ಲ. ಆ ಕಲ್ಲಿನ ವಿಷಯಕ್ಕೆ ಬಂದರೆ, ಎರಡು ಲೋಡು ಜಂಬಿಟ್ಟಿಗೆ ಚೂರು ಸುರಿಸಿ, ಇಬ್ಬರು ಆಳು ಹಿಡಿದು ಗುದ್ದಲಿಯಲ್ಲಿ ಸಾಲು ತುಂಬಿಸಿದೆ. ಒಂದು ಟೈರಿನ ಬೆಲೆಯೂ ಆಗಲಿಲ್ಲ.

ಇಲ್ಲಿಗೆ ನನ್ನ ಪೆದ್ದುತನದ ಕಥೆ ಮುಗಿಯಿತು. ತಮಗೆ ಬರೆಯಬೇಕೆನಿಸಿದ್ದು ಅದಾದ ಮೇಲೆ.

ಕಳೆದ ಕಾಫಿ ಕುಯ್ಲಿನ ಹೊತ್ತಿನಲ್ಲಿ ಹೆದ್ದಾರಿಯೊಂದರಲ್ಲಿ ತಮ್ಮ ಇಲಾಖೆಯ ತಪಾಸಣೆ ನಡೆದಿತ್ತು. ನನ್ನ ಮುಂದೆ ನಿಲ್ಲಿಸಿದ್ದು ನಗರದಿಂದ ಬಂದ ಒಂದು ಗಾಡಿ: 33 ಇಂಚಿನ ಟೈರು, ಮಡ್‌ಗಾರ್ಡಿನಿಂದ ನಾಲ್ಕು ಬೆರಳು ಹೊರಗೆ, ತಲೆಯ ಮೇಲೆ ಲೈಟಿನ ಸಾಲು, ಮುಂದೆ ಕಬ್ಬಿಣದ ಗಾರ್ಡು. ಅದಕ್ಕೆ 5,000 ರೂಪಾಯಿ. ಮುಂದಿನ ಸರದಿ ನನ್ನದು. "ಟೈರ್ ದೊಡ್ಡದು ಹಾಕ್ಸಿದೀರಾ?" ಹೌದು ಅಂದೆ, ಹತ್ತು ಮಿ.ಮೀ. ಅಂದೆ, ಅಲೈನ್‌ಮೆಂಟಿನ ಚೀಟಿ ತೋರಿಸಿದೆ. ಅಧಿಕಾರಿ ಸಭ್ಯರು, ಚೀಟಿಯನ್ನು ಓದಿಯೂ ಓದಿದರು. ನನಗೂ 5,000. "ಸರ್, ಅಳತೆ ಮಾಡೋಕೆ ನಮ್ಮ ಹತ್ರ ಏನಿದೆ ಹೇಳಿ? ಕಾನೂನಲ್ಲಿ ಇಷ್ಟು ಹೆಚ್ಚಾದ್ರೆ ಪರವಾಗಿಲ್ಲ ಅಂತ ಎಲ್ಲೂ ಇಲ್ಲ." ನಾನು ರಸೀದಿ ತೆಗೆದುಕೊಳ್ಳುತ್ತಿರುವಾಗ ಪಕ್ಕದಲ್ಲೇ ಒಂದು ಪಿಕಪ್ಪು ಹಾದುಹೋಯಿತು. ಹಿಂದೆ ಹದಿನೈದು ಜನ ಕೆಲಸದವರು, ಟೈರು ನನ್ನ ಅಂಗೈಯ ಹಾಗೆ ನುಣ್ಣಗೆ. ಹುಬ್ಬು 1.6 ಮಿ.ಮೀ.ಗಿಂತ ಕಡಿಮೆ ಉಳಿಯುವಷ್ಟು ಸವೆದ ಟೈರು ಓಡಿಸಬಾರದೆಂದು ನಿಯಮವೇ ಇದೆ. ಟೈರು ಕಂಪನಿ ಅಳತೆಯದಾದ್ದರಿಂದ ಯಾರ ಕಣ್ಣಿಗೂ ಬೀಳಲಿಲ್ಲ.

ದಂಡದ ಬಗ್ಗೆ ನನ್ನ ತಕರಾರಿಲ್ಲ, ಕಟ್ಟಿದ್ದೇನೆ. ಆ ಅಧಿಕಾರಿಯ ಮಾತು ಸತ್ಯ ಎಂಬುದೇ ನನ್ನ ತಕರಾರು. ಅಂಗಡಿಯವನು ಅಳೆಯಲಿಲ್ಲ, ಇಲಾಖೆಯೂ ಅಳೆಯಲಿಲ್ಲ. ಅಳೆದವನು ಗುಂಡಿಯಲ್ಲಿ ಟಾರ್ಚು ಹಿಡಿದ ಮೆಕ್ಯಾನಿಕ್ಕೊಬ್ಬನೇ, ಅವನ ಮಾತಿಗೆ ಕಾಗದದಲ್ಲಿ ಬೆಲೆಯಿಲ್ಲ.

ಕಾನೂನನ್ನು ಆಮೇಲೆ ಕೂತು ಓದಿದೆ, ವಕೀಲ ಸ್ನೇಹಿತರೊಬ್ಬರ ಸಹಾಯದಿಂದ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಮೊದಲು ಹೀಗಿರಲಿಲ್ಲ. ಬದಲಾವಣೆ ಮಾಡಬೇಕೆಂದಿರುವವರು ನೋಂದಣಿ ಪ್ರಾಧಿಕಾರಕ್ಕೆ ನೋಟಿಸು ಕೊಟ್ಟು ಒಪ್ಪಿಗೆ ಪಡೆಯಬಹುದಿತ್ತು. ಏಳು ದಿನದೊಳಗೆ ಉತ್ತರ ಬಾರದಿದ್ದರೆ ಒಪ್ಪಿಗೆ ಸಿಕ್ಕಿದೆಯೆಂದೇ ತಿಳಿಯಬಹುದಿತ್ತು. 2000ದ ತಿದ್ದುಪಡಿ ಆ ಬಾಗಿಲನ್ನು ಮುಚ್ಚಿತು. ನೋಂದಣಿ ಪತ್ರದ ವಿವರಗಳು ತಯಾರಕರು ಮೂಲದಲ್ಲಿ ಹೇಳಿದ್ದಕ್ಕಿಂತ ಬೇರೆಯಾಗುವ ಹಾಗೆ ಗಾಡಿಯನ್ನು ಮಾರ್ಪಡಿಸಕೂಡದು ಎಂದಾಯಿತು. ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಇದನ್ನೇ ಖಚಿತಪಡಿಸಿತು. ಅದೇ ವರ್ಷ ಬಂದ 182ಎ ಕಲಮಿನ ಪ್ರಕಾರ ಇಂಥ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ.

ಇಷ್ಟು ಓದಿ ನನ್ನ ಆರ್‌ಸಿ ಕಾರ್ಡನ್ನು ಹೊರತೆಗೆದೆ. ಅದರಲ್ಲಿ ಬಣ್ಣವಿದೆ, ಸೀಟಿನ ಲೆಕ್ಕವಿದೆ, ಖಾಲಿ ಗಾಡಿಯ ತೂಕವಿದೆ, ಚಕ್ರಗಳ ನಡುವಿನ ಅಂತರವಿದೆ. ನೆಲದಿಂದ ಎತ್ತರ ಎಷ್ಟು ಎಂದು ಇಲ್ಲ. ಟೈರಿನ ಅಳತೆ ಇಲ್ಲ. ಹಾಗಾದರೆ ನಾನು ಬದಲಿಸಿದ ವಿವರ ಯಾವುದು? ಇದು ವಕೀಲರ ಕುಯುಕ್ತಿ ಎಂದು ತಾವು ನಗಬಹುದು, ನನ್ನ ಸ್ನೇಹಿತರೂ ನಕ್ಕರು. ಈ ವಾದದಿಂದ ತಪ್ಪಿಸಿಕೊಳ್ಳುವ ಉದ್ದೇಶ ನನಗಿಲ್ಲ. ನನ್ನ ಬೇಡಿಕೆ ಅದಕ್ಕೆ ಪೂರಾ ಉಲ್ಟಾ: ಎತ್ತರವನ್ನೂ ಟೈರಿನ ಅಳತೆಯನ್ನೂ ದಯವಿಟ್ಟು ಆರ್‌ಸಿಯಲ್ಲಿ ಬರೆಯಿರಿ. ಬರೆಯುವ ಮೊದಲು ಗಾಡಿಯನ್ನು ಗುಂಡಿಯ ಮೇಲೆ ನಿಲ್ಲಿಸಿ ನೋಡಿ.

ಯಾಕೆಂದರೆ ಈಗಿನ ವ್ಯವಸ್ಥೆಯಲ್ಲಿ ಯಾರೂ ನೋಡುವುದಿಲ್ಲ. ಖಾಸಗಿ ಗಾಡಿಯ ನೋಂದಣಿ ಹದಿನೈದು ವರ್ಷಕ್ಕೆ. ನನ್ನದು 2023ರದ್ದು, ಇಲಾಖೆಯ ಇನ್‌ಸ್ಪೆಕ್ಟರರು ಅದರ ಅಡಿಯನ್ನು ಬಗ್ಗಿ ನೋಡುವುದು 2038ರಲ್ಲಿ. ಅಲ್ಲಿಯವರೆಗೆ ಹೊಗೆ ತಪಾಸಣೆಯ ಹುಡುಗ ಸೈಲೆನ್ಸರಿಗೆ ಕೊಳವೆ ತೂರಿಸಿದರೆ ಮುಗಿಯಿತು. ವೀಣೆಯ ತಂತಿಯಂತೆ ಬಿಗಿದ ಬ್ರೇಕ್ ಪೈಪಿನಲ್ಲೇ ನಾನು ಮಕ್ಕಳನ್ನು ಕೂರಿಸಿಕೊಂಡು ಓಡಾಡಿದ್ದರೂ ಕಾನೂನಿಗೆ ತಿಳಿಯುತ್ತಿದ್ದುದು ಅಪಘಾತವಾದ ಮೇಲೆ. ವಿಮೆಯದೂ ಇದೇ ಹಾಡು. ಬದಲಾವಣೆಯನ್ನು ಬರಹದಲ್ಲಿ ತಿಳಿಸೋಣವೆಂದು ಏಜೆಂಟರಿಗೆ ಫೋನು ಮಾಡಿದರೆ, "ಸರ್, ನಾನು ಕೇಳಿಸಿಕೊಂಡಿಲ್ಲ, ನೀವು ಹೇಳಿಲ್ಲ" ಅಂದು ಇಟ್ಟರು.

ಬೇರೆ ದೇಶಗಳಲ್ಲಿ ಇದು ಹೊಸ ಮಾತಲ್ಲ. ಆಸ್ಟ್ರೇಲಿಯಾದ ರಾಜ್ಯಗಳಲ್ಲಿ ಇಂತಿಷ್ಟು ಮಿ.ಮೀ. ಒಳಗಿನ ಏರಿಕೆಗೆ ಪರವಾನಗಿಯ ಗೋಜಿಲ್ಲ. ಅದನ್ನು ಮೀರಿದರೆ ಮಾನ್ಯತೆ ಪಡೆದ ಇಂಜಿನಿಯರು ನೋಡಿ ಸಹಿ ಹಾಕಬೇಕು. ಜರ್ಮನಿಯಲ್ಲಿ ತಪಾಸಣಾ ಸಂಸ್ಥೆಯವರು ಪರೀಕ್ಷಿಸಿದ ಮೇಲೆ ಸ್ಪ್ರಿಂಗು, ಟೈರು ಎಲ್ಲವೂ ಗಾಡಿಯ ಕಾಗದದಲ್ಲಿ ನಮೂದಾಗುತ್ತವೆ. ನಮ್ಮಲ್ಲೂ ತಯಾರಕರೇ ಒಂದೇ ಗಾಡಿಯನ್ನು ಎರಡು ಅಳತೆಯ ಟೈರಿನಲ್ಲಿ ಮಾರುತ್ತಾರೆ: 2020ರ ಮಹೀಂದ್ರ ಥಾರ್ ಜೀಪು ಒಂದು ಮಾದರಿಯಲ್ಲಿ 245/75 ಆರ್16, ಇನ್ನೊಂದರಲ್ಲಿ 255/65 ಆರ್18. ಇವೆರಡರ ವ್ಯಾಸಕ್ಕೇ ಹದಿನೈದು ಮಿ.ಮೀ. ವ್ಯತ್ಯಾಸ, ನನಗೆ ದಂಡ ಬಿದ್ದ ಹತ್ತಕ್ಕಿಂತ ಹೆಚ್ಚು.

ಕೇಂದ್ರದ ಕಾಯ್ದೆಯನ್ನು ತಾವು ಬೆಂಗಳೂರಿನಲ್ಲಿ ಕೂತು ತಿದ್ದಲಾರಿರಿ, ಗೊತ್ತು. ಆದರೆ ದೆಹಲಿಗೆ ಪತ್ರ ಬರೆಯಬಲ್ಲಿರಿ. 2000ದಲ್ಲಿ ಮುಚ್ಚಿದ ಬಾಗಿಲನ್ನು, ಏಳು ದಿನದ ಮೌನವೇ ಒಪ್ಪಿಗೆ ಎಂಬ ಆ ಸಡಿಲ ರೂಪದಲ್ಲಲ್ಲ, ಪರೀಕ್ಷೆ ಮತ್ತು ಶುಲ್ಕದ ಜೊತೆಗೆ ಮತ್ತೆ ತೆರೆಯಿರಿ ಎಂದು ಕೇಳಬಲ್ಲಿರಿ. ಮಲೆನಾಡು, ಕೊಡಗಿನ ರಸ್ತೆಗಳ ಅನುಭವವಿರುವ ರಾಜ್ಯದಿಂದ ಆ ಪತ್ರ ಹೋದರೆ ತೂಕ ಹೆಚ್ಚು. 2019ರ ಆಗಸ್ಟಿನಲ್ಲಿ ದರೆ ಕುಸಿದು ಚಾರ್ಮಾಡಿ ಮುಚ್ಚಿದ್ದನ್ನೂ, ನಮ್ಮ ತಾಲ್ಲೂಕಿನ ಊರುಗಳು ರಸ್ತೆಯೇ ಇಲ್ಲದೆ ಕೂತಿದ್ದನ್ನೂ ತಮ್ಮ ಇಲಾಖೆ ಮರೆತಿರಲಾರದು. ಆಗ ಒಳಗಿನ ಮನೆಗಳಿಂದ ಮುದುಕರನ್ನು, ಬಾಣಂತಿಯರನ್ನು ಹೊರತಂದ ಜೀಪುಗಳಲ್ಲಿ ಕಂಪನಿ ಟೈರಿನವು ಎಷ್ಟಿದ್ದವು ಎಂದು ಯಾರೂ ಕೇಳಲಿಲ್ಲ.

ಅಷ್ಟರವರೆಗೆ ರಸ್ತೆಯ ಮೇಲೆ ತಪಾಸಣೆ ಮಾಡುವವರ ಕೈಗೆ ಒಂದು ಟೇಪು ಕೊಡಿ. ಅವರು ನೋಡಬೇಕಾದ್ದು ಬೇಕಾದಷ್ಟಿದೆ. ಮಡ್‌ಗಾರ್ಡಿನಿಂದ ಹೊರಬಂದ ಟೈರಿಗೆ ಮುಲಾಜಿಲ್ಲದೆ ದಂಡ ಹಾಕಿ, ಅದು ಚಿಮ್ಮಿಸುವ ಕಲ್ಲು ಬೈಕಿನವನ ಮುಖಕ್ಕೆ ಬೀಳುತ್ತದೆ. ಎದುರಿನವನ ಕಣ್ಣು ಕುಕ್ಕುವ ಲೈಟಿಗೆ ಹಾಕಿ, ಅದರಲ್ಲಿ ನಾನೂ ಒಂದು ರಾತ್ರಿ ತಪ್ಪಿತಸ್ಥ. ಕಬ್ಬಿಣದ ಗಾರ್ಡು ಬೇಡವೆಂದು ಕೇಂದ್ರ ಸಚಿವಾಲಯ 2017ರಲ್ಲೇ ರಾಜ್ಯಗಳಿಗೆ ಬರೆದಿದೆ, ಅದನ್ನು ಕೀಳಿಸಿ. ನುಣ್ಣಗಾದ ಟೈರಿನ ಪಿಕಪ್ಪನ್ನು ದಯವಿಟ್ಟು ಬಿಡಬೇಡಿ. ಮತ್ತು ಸಾಧ್ಯವಾದರೆ ಒಮ್ಮೆ ಅಂಗಡಿಗಳ ಕಡೆಗೂ ಹೋಗಿ. 182ಎ ಕಲಂ ಗಾಡಿ ಮಾಲೀಕನಿಗೆ ಮಾತ್ರ ಬರೆದದ್ದಲ್ಲ. ಸುರಕ್ಷತೆಗೆ ನಿರ್ಣಾಯಕವೆಂದು ಅಧಿಸೂಚಿಸಿದ ಬಿಡಿಭಾಗ ಗುಣಮಟ್ಟಕ್ಕೆ ತಕ್ಕದ್ದಲ್ಲದಿದ್ದರೆ ಮಾರಿದವನಿಗೂ ಒಂದೊಂದಕ್ಕೆ 1 ಲಕ್ಷ ರೂಪಾಯಿ ದಂಡವಿದೆ. ಬಣ್ಣ ಕೇಳಿ ಸ್ಪ್ರಿಂಗು ಮಾರುವವರು ಬ್ರೇಕ್ ಪೈಪಿನ ಉದ್ದವನ್ನೂ ನೋಡಲು ಕಲಿತಾರು.

ನನ್ನ ಜೀಪು ಬಳಗದವರು ಈ ಪತ್ರ ಓದಿ ಮುನಿಸಿಕೊಳ್ಳುವುದು ಖಂಡಿತ. ಅವರಲ್ಲಿ ಕೆಲವರಿಗೆ ಅಳತೆಯೂ ಬೇಡ, ಆರ್‌ಸಿಯೂ ಬೇಡ. ಬೆಟ್ಟದ ಶೋಲಾ ಹುಲ್ಲುಗಾವಲಿನ ನೆತ್ತಿಯವರೆಗೆ ಚಕ್ರದ ಗೀರು ಎಳೆದು ಫೋಟೊ ಹಾಕುವವರಿಗೆ ನಾನು ವಕಾಲತ್ತು ವಹಿಸುತ್ತಿಲ್ಲ. ಅವರಿಗೆ ಅರಣ್ಯ ಇಲಾಖೆ ಇದೆ. ನನ್ನ ಮಾತು ಮನೆಗೆ ಹೋಗಲು ನಾಲ್ಕು ಚಕ್ರವೂ ಎಳೆಯಲೇಬೇಕಾದವರ ಬಗ್ಗೆ. ಅಂಥವರು ಈಗ ಎರಡರಲ್ಲೊಂದು ಮಾಡುತ್ತಿದ್ದಾರೆ. ತಪಾಸಣೆ ಇದೆ ಎಂದು ಗೊತ್ತಾದರೆ ಒಳದಾರಿ ಹಿಡಿಯುತ್ತಾರೆ, ಇಲ್ಲವೇ ಹಳೆಯ ಟೈರನ್ನು ಅಟ್ಟದ ಮೇಲಿಟ್ಟು ಬೇಕಾದಾಗ ಇಳಿಸುತ್ತಾರೆ. ನನ್ನ ಅಟ್ಟದ ಮೇಲೂ ನಾಲ್ಕಿವೆ.

ತಾವಾಗಲಿ, ತಮ್ಮ ಇಲಾಖೆಯ ತಾಂತ್ರಿಕ ಅಧಿಕಾರಿಯಾಗಲಿ ಒಮ್ಮೆ ಬಂದು ನನ್ನ ಗಾಡಿಯನ್ನು ಅಳೆಯಬೇಕೆಂದು ಕೋರುತ್ತೇನೆ. ನಮ್ಮ ಮೆಕ್ಯಾನಿಕ್ಕು ತನ್ನ ಗುಂಡಿಯನ್ನು ಯಾವಾಗ ಬೇಕಾದರೂ ಖಾಲಿ ಮಾಡಿಕೊಡುತ್ತಾನೆ. ಬರುವುದಾದರೆ ಜುಲೈ ತಿಂಗಳಲ್ಲೇ ಬನ್ನಿ. ಇಲಾಖೆಯ ಕಾರನ್ನು ಟಾರು ರಸ್ತೆಯ ಬಸ್‌ಸ್ಟಾಪಿನ ಹತ್ತಿರ ನಿಲ್ಲಿಸಿ, ಅಲ್ಲಿಂದ ಮನೆಯವರೆಗೆ ನಾನೇ ಕರೆದೊಯ್ಯುತ್ತೇನೆ. ಹತ್ತಲು ಕಷ್ಟವಾದರೆ ಅಮ್ಮನ ಮಣೆ ಸೀಟಿನ ಹಿಂದೆಯೇ ಇದೆ.

ಇಂತಿ ತಮ್ಮ ವಿಶ್ವಾಸಿ,
ಮೂಡಿಗೆರೆ ತಾಲ್ಲೂಕಿನ ಒಬ್ಬ ಕಾಫಿ ಬೆಳೆಗಾರ